ಬಾಯಿಯ ಬಿಳಿ ಕಲೆ ಮತ್ತು ಬೆಳಕಿನ ಚಿಕಿತ್ಸೆ



ಕಾಮರ್ಸ್ ಓದುವವರಿಗೆ ಬಾಯಿಯ ಕಾಯಿಲೆಯ ಪಾಠ ಏಕೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ.

ನನ್ನ ಮಾಮು, ಅಂದರೆ ಅಮ್ಮಿಯ ತಮ್ಮ, ಪೀಣ್ಯ ಎರಡನೇ ಹಂತದ ಒಂದು ವರ್ಕ್‌ಶಾಪ್‌ನಲ್ಲಿ ಲೇತ್ ಆಪರೇಟರ್. ವಯಸ್ಸು ಮೂವತ್ತೆಂಟು. ನೈಟ್ ಶಿಫ್ಟ್‌ನಲ್ಲಿ ನಿದ್ದೆ ಬರಬಾರದೆಂದು ಹನ್ನೆರಡು ವರ್ಷಗಳ ಹಿಂದೆ ಪಾನ್ ಮಸಾಲ ಶುರು ಮಾಡಿದರು. ಒಂದು ಪೊಟ್ಟಣ ಪಾನ್ ಮಸಾಲ, ಒಂದು ಪೊಟ್ಟಣ ತಂಬಾಕು, ಎರಡನ್ನೂ ಅಂಗೈಯಲ್ಲಿ ಬೆರೆಸಿ ಎಡಗೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಕಳೆದ ರಂಜಾನ್‌ನಲ್ಲಿ ಒಂದು ದಿನ ಇಫ್ತಾರ್‌ಗೆ ಕುಳಿತಾಗ ಮಿರ್ಚಿ ಬಜ್ಜಿಯ ಖಾರ ತಾಗಿ ಕೆನ್ನೆ ಹಿಡಿದುಕೊಂಡರು. ಅಮ್ಮಿ ಬಿಡಲಿಲ್ಲ, ಬಾಯಿ ತೆರೆಸಿದರು. ನಾನು ಮೊಬೈಲ್ ಟಾರ್ಚ್ ಹಿಡಿದೆ. ಎಡಗೆನ್ನೆಯ ಒಳಗೆ ಒಂದು ರೂಪಾಯಿ ನಾಣ್ಯದಷ್ಟು ಬಿಳಿ ಕಲೆ ಇತ್ತು. ಉಜ್ಜಿದರೂ ಹೋಗಲಿಲ್ಲ.

"ಬಿಸಿ ಚಾಯ್ ಸುಟ್ಟಿರಬೇಕು, ಕುಚ್ ನೈ ಹೋತಾ" ಎಂದರು ಮಾಮು.

ಎರಡು ವಾರ ಕಳೆದ ಮೇಲೆ ಅವರೇ ನನ್ನ ಮೊಬೈಲಿಗೆ ಒಂದು ವಿಡಿಯೋ ಕಳಿಸಿದರು. ಬಾಯಿಯೊಳಗೆ ಕೆಂಪು ಲೈಟ್ ಹಾಕಿದರೆ ಕಲೆಯೂ ಹೋಗುತ್ತದೆ, ಕ್ಯಾನ್ಸರೂ ಹೋಗುತ್ತದೆ, ಆಪರೇಷನ್ ಬೇಡ ಎಂದು ಅದರಲ್ಲಿ ಹೇಳಿದ್ದರು. ಮಾಮು ನನ್ನನ್ನು ಕೇಳಿದರು: "ಬೇಟಾ, ನೀನು ಓದಿದವರು. ಇದು ನಿಜಾನಾ? ನಿಜ ಆದ್ರೆ ಈಗಲೇ ಯಾಕೆ ಬಿಡ್ಬೇಕು? ಏನಾದ್ರೂ ಆದ್ರೆ ಲೈಟ್ ಹಾಕಿಸ್ಕೊಂಡ್ರೆ ಆಯ್ತಲ್ಲ."

ನನಗೆ ಉತ್ತರ ಗೊತ್ತಿರಲಿಲ್ಲ. ಆ ಉತ್ತರವನ್ನು ಹುಡುಕಿದ್ದೇ ಈ ಲೇಖನ. ನಮ್ಮ ಜೀವಶಾಸ್ತ್ರದ ಮೇಡಂ ಓದಿ ತಿದ್ದಿಕೊಟ್ಟಿದ್ದಾರೆ. ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ ಮಾಮು ಬರೆಯಲು ಒಪ್ಪಿದ್ದಾರೆ.

ಬಿಳಿ ಕಲೆ ಎಂದರೇನು?

ನಮ್ಮ ಕೆನ್ನೆಯ ಒಳಭಾಗದಲ್ಲಿ ತೆಳುವಾದ, ಒದ್ದೆಯಾದ, ಗುಲಾಬಿ ಬಣ್ಣದ ಪದರ ಇದೆ. ತಂಬಾಕು, ಅಡಿಕೆ, ಸುಣ್ಣ ಒಂದೇ ಜಾಗದಲ್ಲಿ ದಿನವೂ ಗಂಟೆಗಟ್ಟಲೆ ಕುಳಿತರೆ ಆ ಪದರ ದಪ್ಪವಾಗಿ ಬಿಳಿಯಾಗುತ್ತದೆ. ಚಪ್ಪಲಿ ಉಜ್ಜುವ ಕಡೆ ಕಾಲಿನ ಚರ್ಮ ದಪ್ಪವಾಗುವುದನ್ನು ನೋಡಿದ್ದೀರಲ್ಲ, ಹಾಗೆಯೇ. ಉಜ್ಜಿದರೆ ಹೋಗದ, ಬೇರೆ ಯಾವ ಕಾಯಿಲೆಯ ಹೆಸರಿಗೂ ಸೇರದ ಇಂಥ ಬಿಳಿ ಕಲೆಗೆ ವೈದ್ಯರು ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಮಖಮಲ್ ಬಟ್ಟೆಯಂತೆ ಕಾಣುವ ಕೆಂಪು ಕಲೆಗೆ ಎರಿಥ್ರೋಪ್ಲೇಕಿಯಾ ಎಂದು ಹೆಸರು. ಅದು ಅಪರೂಪ, ಆದರೆ ಬಿಳಿ ಕಲೆಗಿಂತ ಹೆಚ್ಚು ಅಪಾಯಕಾರಿ. ಅಡಿಕೆ ಜಗಿಯುವವರಲ್ಲಿ ಕೆನ್ನೆ ಬಿಗಿಯಾಗುತ್ತಾ ಬಂದು ಬಾಯಿ ತೆರೆಯಲು ಕಷ್ಟವಾಗುವುದೂ ಉಂಟು. ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇವೆಲ್ಲವೂ ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಆಗಬಹುದಾದ ಸ್ಥಿತಿಗಳು.

"ಆಗಬಹುದಾದ" ಎಂಬ ಪದವನ್ನು ಗಮನಿಸಿ. ಬಿಳಿ ಕಲೆ ಇರುವ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ. ಕೆಲವರಿಗೆ ಬರುತ್ತದೆ. ಯಾರಿಗೆ ಬರುತ್ತದೆ ಎಂದು ಬರಿ ಕಣ್ಣಿನಿಂದ ನೋಡಿ ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಅದಕ್ಕಾಗಿ ಕಲೆಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಬಯಾಪ್ಸಿ. ಜೀವಕೋಶಗಳ ಆಕಾರ ಮತ್ತು ಜೋಡಣೆ ಕೆಟ್ಟಿದ್ದರೆ ಡಿಸ್‌ಪ್ಲೇಸಿಯಾ ಎಂದು ರಿಪೋರ್ಟ್‌ನಲ್ಲಿ ಬರೆಯುತ್ತಾರೆ. ಅದರಲ್ಲಿ ಸೌಮ್ಯ, ಮಧ್ಯಮ, ತೀವ್ರ ಎಂಬ ಹಂತಗಳಿವೆ.

ಕಾಮರ್ಸ್ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಕಂಪನಿಯ ಮೇಲೆ ಕೋರ್ಟಿನಲ್ಲಿ ಒಂದು ಕೇಸ್ ನಡೆಯುತ್ತಿದೆ ಎಂದುಕೊಳ್ಳಿ. ಸೋತರೆ ಹಣ ಕಟ್ಟಬೇಕು, ಗೆದ್ದರೆ ಇಲ್ಲ. ಅದು ಇವತ್ತಿನ ಸಾಲವಲ್ಲ, ಆದರೂ ಬ್ಯಾಲೆನ್ಸ್ ಶೀಟಿನ ಕೆಳಗೆ ಕಂಟಿಂಜೆಂಟ್ ಲಯಬಿಲಿಟಿ ಎಂದು ತೋರಿಸುತ್ತೇವೆ. ಬಾಯಿಯ ಬಿಳಿ ಕಲೆ ಅಂಥದ್ದೇ. ಅದನ್ನು ಬರೆದಿಡದೆ ಮುಚ್ಚಿಟ್ಟರೆ ಲೆಕ್ಕ ತಪ್ಪುತ್ತದೆ.

ಈ ಲೆಕ್ಕ ಎಷ್ಟು ದೊಡ್ಡದು ನೋಡಿ. 2020ರ ಗ್ಲೋಬೋಕ್ಯಾನ್ ಅಂದಾಜಿನ ಪ್ರಕಾರ ಆ ಒಂದೇ ವರ್ಷ ಭಾರತದಲ್ಲಿ 1 ಲಕ್ಷ 35 ಸಾವಿರಕ್ಕಿಂತ ಹೆಚ್ಚು ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು. 75 ಸಾವಿರಕ್ಕಿಂತ ಹೆಚ್ಚು ಜನ ಅದರಿಂದ ತೀರಿಕೊಂಡರು. "ತಂಬಾಕು ಹಾಕಲ್ಲ, ಬರೀ ಅಡಿಕೆ" ಎನ್ನುವವರಿಗೂ ರಿಯಾಯಿತಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಬೆಳಕು ಔಷಧಿ ಆಗುವುದು ಹೇಗೆ?

ಬೆಳಕಿನಿಂದ ಕಾಯಿಲೆ ವಾಸಿಯಾಗುತ್ತದೆ ಎಂದರೆ ಮೊದಲು ನಾನೂ ನಂಬಲಿಲ್ಲ. ಆಗ ಅಮ್ಮಿ ಒಂದು ವಿಷಯ ನೆನಪಿಸಿದರು. ನನ್ನ ತಂಗಿ ಹುಟ್ಟಿದ ಮೂರನೇ ದಿನ ಕಾಮಾಲೆ ಎಂದು ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಲೈಟಿನ ಕೆಳಗೆ ಮಲಗಿಸಿದ್ದರು. ಮಗುವಿನ ರಕ್ತದಲ್ಲಿರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ನೀಲಿ ಬೆಳಕು ಸುಲಭವಾಗಿ ಹೊರಹೋಗುವ ರೂಪಕ್ಕೆ ಬದಲಾಯಿಸುತ್ತದೆ. ಅಂದರೆ ಬೆಳಕು ದೇಹದೊಳಗೆ ರಾಸಾಯನಿಕ ಕೆಲಸ ಮಾಡಬಲ್ಲದು. ಇದು ನಮ್ಮ ಎಷ್ಟೋ ಮನೆಗಳಲ್ಲಿ ಕಂಡ ಸಂಗತಿ.

ಬಾಯಿಯ ಕಲೆಗೆ ಬಳಸುವ ಚಿಕಿತ್ಸೆಯ ಹೆಸರು ಫೋಟೋಡೈನಮಿಕ್ ಥೆರಪಿ, ಚಿಕ್ಕದಾಗಿ ಪಿ.ಡಿ.ಟಿ. ಇದರ ಹಿಂದೆ ಒಬ್ಬ ವಿದ್ಯಾರ್ಥಿಯ ಕಥೆ ಇದೆ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆಸ್ಕರ್ ರಾಬ್ ಎಂಬ ವೈದ್ಯ ವಿದ್ಯಾರ್ಥಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಮೇಲೆ ಅಕ್ರಿಡಿನ್ ಎಂಬ ವಸ್ತುವನ್ನು ಪರೀಕ್ಷಿಸುತ್ತಿದ್ದ. ಔಷಧ ಅದೇ, ಪ್ರಮಾಣ ಅದೇ. ಆದರೂ ಒಂದು ದಿನ ಜೀವಿಗಳು ಬೇಗ ಸತ್ತವು, ಇನ್ನೊಂದು ದಿನ ಬಹಳ ಹೊತ್ತು ಬದುಕಿದವು. ಲೆಕ್ಕ ಟ್ಯಾಲಿ ಆಗಲಿಲ್ಲ. ವ್ಯತ್ಯಾಸ ಆಯಾ ದಿನದ ಬೆಳಕಿನಲ್ಲಿತ್ತು ಎಂದು ಅವನು ಕಂಡುಕೊಂಡ. ಔಷಧ ಮತ್ತು ಬೆಳಕು ಎರಡೂ ಸೇರಿದಾಗ ಮಾತ್ರ ಜೀವಕೋಶ ಬೇಗ ಸಾಯುತ್ತದೆ ಎಂದು 1900ರಲ್ಲಿ ಪ್ರಕಟಿಸಿದ. ಅವನ ಗುರು ಹರ್ಮನ್ ಫಾನ್ ಟಾಪೈನರ್ 1903ರಲ್ಲಿ ಇನ್ನೊಬ್ಬ ವೈದ್ಯರ ಜೊತೆ ಸೇರಿ ಚರ್ಮದ ಗೆಡ್ಡೆಗಳಿಗೆ ಇಯೋಸಿನ್ ಎಂಬ ಬಣ್ಣ ಹಚ್ಚಿ ಬೆಳಕು ಹಾಯಿಸಿ ನೋಡಿದರು. 1970ರ ದಶಕದಲ್ಲಿ ಅಮೆರಿಕದ ಥಾಮಸ್ ಡಾಗರ್ಟಿ ಇದನ್ನು ಕ್ಯಾನ್ಸರ್ ಚಿಕಿತ್ಸೆಯಾಗಿ ಬೆಳೆಸಿದರು. 1993ರಲ್ಲಿ ಕೆನಡಾ ಮೊದಲ ಬಾರಿಗೆ ಇಂಥ ಒಂದು ಔಷಧಕ್ಕೆ ಅನುಮತಿ ನೀಡಿತು.

ಮೂರು ಸಹಿಯ ಚೆಕ್

ಪಿ.ಡಿ.ಟಿ.ಗೆ ಮೂರು ವಸ್ತು ಬೇಕು: ಬೆಳಕಿಗೆ ಸ್ಪಂದಿಸುವ ಔಷಧ, ಸರಿಯಾದ ಬಣ್ಣದ ಬೆಳಕು, ಮತ್ತು ಆಮ್ಲಜನಕ. ಮೂರು ಜನರ ಸಹಿ ಇದ್ದರೆ ಮಾತ್ರ ಪಾಸಾಗುವ ಟ್ರಸ್ಟಿನ ಚೆಕ್ ಇದ್ದಂತೆ. ಒಂದು ಸಹಿ ಇಲ್ಲದಿದ್ದರೂ ಏನೂ ಆಗುವುದಿಲ್ಲ.

ಮೊದಲ ಸಹಿ ಔಷಧದ್ದು. ಬಾಯಿಗೆ ಹೆಚ್ಚಾಗಿ ಬಳಸುವುದು ಅಮೈನೋಲೆವುಲಿನಿಕ್ ಆಮ್ಲ, ಅಂದರೆ ಎ.ಎಲ್.ಎ. ಇದು ನಮ್ಮ ದೇಹಕ್ಕೆ ಪರಕೀಯವಲ್ಲ. ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹೀಮ್ ತಯಾರಾಗುವಾಗ ದೇಹವೇ ಇದನ್ನು ಮಾಡಿಕೊಳ್ಳುತ್ತದೆ. ಹೊರಗಿನಿಂದ ಹೆಚ್ಚಾಗಿ ಕೊಟ್ಟಾಗ ಜೀವಕೋಶಗಳಲ್ಲಿ ಪ್ರೋಟೋಪಾರ್ಫಿರಿನ್ ಎಂಬ ವಸ್ತು ತುಂಬಿಕೊಳ್ಳುತ್ತದೆ. ಕೆಟ್ಟ ಜೀವಕೋಶಗಳಲ್ಲಿ ಅದು ಆರೋಗ್ಯವಂತ ಜೀವಕೋಶಗಳಿಗಿಂತ ಹೆಚ್ಚು ಸೇರುತ್ತದೆ. ನೇರಳೆ ಅಥವಾ ನೀಲಿ ಬೆಳಕು ಹಾಕಿದರೆ ಆ ಜಾಗ ಕೆಂಪಗೆ ಹೊಳೆಯುತ್ತದೆ. ಹೀಗಾಗಿ ಎಲ್ಲಿಂದ ಎಲ್ಲಿಯವರೆಗೆ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಗೊತ್ತಾಗುತ್ತದೆ.

ಎರಡನೇ ಸಹಿ ಬೆಳಕಿನದು. ಎ.ಎಲ್.ಎ. ಬಳಸಿದಾಗ ಸುಮಾರು 635 ನ್ಯಾನೋಮೀಟರ್ ತರಂಗದ ಕೆಂಪು ಬೆಳಕು ಹಾಕುತ್ತಾರೆ. ಕೆಂಪೇ ಏಕೆ? ಇವತ್ತು ರಾತ್ರಿ ನೀವೇ ಪರೀಕ್ಷೆ ಮಾಡಿ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿ ಅದರ ಮೇಲೆ ಬೆರಳಿಡಿ. ಟಾರ್ಚಿನ ಬೆಳಕು ಬಿಳಿ, ಆದರೆ ಬೆರಳು ಕೆಂಪಾಗಿ ಹೊಳೆಯುತ್ತದೆ. ನೀಲಿ, ಹಸಿರು ಬಣ್ಣಗಳನ್ನು ರಕ್ತ ಹೀರಿಕೊಂಡುಬಿಡುತ್ತದೆ. ಕೆಂಪು ಮಾತ್ರ ಮಾಂಸದೊಳಗೆ ಸ್ವಲ್ಪ ದೂರ ಹೋಗುತ್ತದೆ. ಆದರೆ ಸ್ವಲ್ಪ ದೂರ ಮಾತ್ರ. ಅಂಗೈಯನ್ನು ದಾಟಿ ಬರುವ ಹೊತ್ತಿಗೆ ಆ ಕೆಂಪೂ ಮಂಕಾಗುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರನೇ ಸಹಿ ಆಮ್ಲಜನಕದ್ದು. ಪ್ರೋಟೋಪಾರ್ಫಿರಿನ್ ಕೆಂಪು ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಆಗ ಅದು ಸಿಂಗ್ಲೆಟ್ ಆಮ್ಲಜನಕ ಎಂಬ ಚುರುಕಾದ ರೂಪಕ್ಕೆ ಬರುತ್ತದೆ. ಅದರ ಆಯುಷ್ಯ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಅಷ್ಟರಲ್ಲಿ ಅದು ತಾನಿರುವ ಜೀವಕೋಶವನ್ನೇ ಹಾಳುಮಾಡುತ್ತದೆ, ದೂರ ಹೋಗಲು ಅದಕ್ಕೆ ಸಮಯವೇ ಇಲ್ಲ. ಆದ್ದರಿಂದ ಔಷಧ ಸೇರಿದ ಮತ್ತು ಬೆಳಕು ಬಿದ್ದ ಜಾಗ ಮಾತ್ರ ಸಾಯುತ್ತದೆ. ಕೆಳಗಿನ ಆಧಾರದ ನಾರುಗಳು ಹೆಚ್ಚಾಗಿ ಉಳಿಯುವುದರಿಂದ ಗಾಯ ಮಾಗಿದ ಮೇಲೆ ಕೆನ್ನೆ ಬಿಗಿಯುವುದು ಕಡಿಮೆ. ಬೇಕಾದರೆ ಇದೇ ಚಿಕಿತ್ಸೆಯನ್ನು ಮತ್ತೆ ಕೊಡಬಹುದು.

ತೊಂದರೆ ಇಲ್ಲವೇ ಎಂದರೆ ಇದೆ. ಬೆಳಕು ಹಾಕುವಾಗ ಉರಿ ಬರಬಹುದು. ನಂತರ ಕೆಲವು ದಿನ ಊತ, ಹುಣ್ಣು ಇರಬಹುದು. ಔಷಧ ಮೈಯಲ್ಲಿರುವ ತನಕ ಬಿಸಿಲಿಗೆ ಹೋಗಬಾರದು. ಎ.ಎಲ್.ಎ. ಆದರೆ ಒಂದೆರಡು ದಿನ ಸಾಕು, ಹಳೆಯ ಕೆಲವು ಔಷಧಗಳಿಗೆ ವಾರಗಟ್ಟಲೆ ಎಚ್ಚರ ಬೇಕು.

ಲಂಡನ್‌ನಿಂದ ಅಲಿಗಢಕ್ಕೆ

1996ರಲ್ಲಿ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ವೈದ್ಯರು ಬಾಯಿಯ ಕಲೆ ಮತ್ತು ಕ್ಯಾನ್ಸರ್ ಇದ್ದವರಿಗೆ ಎ.ಎಲ್.ಎ. ಕುಡಿಸಿ ಬೆಳಕಿನ ಚಿಕಿತ್ಸೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಡಿಸ್‌ಪ್ಲೇಸಿಯಾ ಇದ್ದ ರೋಗಿಗಳ ಕಲೆಗಳಲ್ಲಿ ಸುಧಾರಣೆ ಕಂಡಿತು. ಗಾಯ ಗುರುತಿಲ್ಲದೆ ಮಾಗಿತು. ಆದರೆ ಅಂದಿನ ಲೇಸರ್ ಯಂತ್ರಗಳು ದುಬಾರಿ, ದೊಡ್ಡವು, ಒಳ್ಳೆಯ ಕರೆಂಟ್ ಬೇಡುವಂಥವು. ಬಾಯಿಯ ಕ್ಯಾನ್ಸರ್ ಹೆಚ್ಚಾಗಿರುವುದು ನಮ್ಮಂಥ ದೇಶದ ಬಡವರಲ್ಲಿ.

ಈ ಅಂತರವನ್ನು ತುಂಬಲು ನಡೆದ ಪ್ರಯತ್ನ ಭಾರತದ್ದೇ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿದರು. ಅವರಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲ್‌ನ ಪ್ರೊಫೆಸರ್ ತಯ್ಯಿಬಾ ಹಸನ್ ಮತ್ತು ಭೌತವಿಜ್ಞಾನಿ ಜೊನಾಥನ್ ಸೆಲ್ಲಿ ಮುಖ್ಯರು. ಲೇಸರ್ ಬದಲು ಎಲ್.ಇ.ಡಿ., ದುಬಾರಿ ಕ್ಯಾಮೆರಾ ಬದಲು ಸ್ಮಾರ್ಟ್‌ಫೋನ್, ಬೆಳಕನ್ನು ಕೆನ್ನೆಯೊಳಗೆ ಸರಿಯಾಗಿ ಹಿಡಿಯಲು ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದ ಹಿಡಿಕೆ. ನಮ್ಮ ಪೀಣ್ಯದ ಯಾವುದೇ ವರ್ಕ್‌ಶಾಪ್‌ನವರಿಗೆ ಅರ್ಥವಾಗುವ ಸಾಮಾನು ಇದು.

ಕೆನ್ನೆಯ ಒಳಭಾಗದಲ್ಲಿ ಆರಂಭದ ಹಂತದ ಕ್ಯಾನ್ಸರ್ ಇದ್ದ 30 ರೋಗಿಗಳು ಈ ಅಧ್ಯಯನದಲ್ಲಿದ್ದರು. ಕೆಲವರು ಆಸ್ಪತ್ರೆಗೆ ಬಂದವರು, ಕೆಲವರು ಹಳ್ಳಿಗಳ ತಪಾಸಣಾ ಶಿಬಿರದಲ್ಲಿ ಸಿಕ್ಕವರು. ಎ.ಎಲ್.ಎ. ಕುಡಿಸಿ, ಫೋನಿನಲ್ಲಿ ಕೆಂಪು ಹೊಳಪು ನೋಡಿ, 635 ನ್ಯಾನೋಮೀಟರ್ ಬೆಳಕು ಕೊಟ್ಟರು. ಮತ್ತು ಬರಿಸುವ ಔಷಧವೂ ಬೇಕಾಗಲಿಲ್ಲ. 30ರಲ್ಲಿ 22 ಜನರಲ್ಲಿ ನಂತರದ ಪರೀಕ್ಷೆಗಳಲ್ಲಿ ರೋಗ ಉಳಿದಿರಲಿಲ್ಲ. 2022ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಹಾಗಾದರೆ ಮಾಮು ಕಳಿಸಿದ ವಿಡಿಯೋ ನಿಜವೇ? ಅರ್ಧ ನಿಜ. ಉಳಿದ ಅರ್ಧ ಆ 8 ಜನರಲ್ಲಿದೆ. ಅವರಲ್ಲಿ ಚಿಕಿತ್ಸೆ ಏಕೆ ಫಲಿಸಲಿಲ್ಲ ಎಂದು ವೈದ್ಯರು ನೋಡಿದಾಗ ಎರಡು ಕಾರಣ ಕಂಡವು: ಗೆಡ್ಡೆ ದೊಡ್ಡದಾಗಿತ್ತು, ಅಥವಾ ಬೆಳಕು ಸಾಕಷ್ಟು ತಲುಪಿರಲಿಲ್ಲ. ಅಂಗೈಯಲ್ಲಿ ಮಂಕಾದ ಟಾರ್ಚನ್ನು ನೆನಪಿಸಿಕೊಳ್ಳಿ. ಕೆಂಪು ಬೆಳಕು ಕೆಲವು ಮಿಲಿಮೀಟರ್ ಆಳಕ್ಕೆ ಕೆಲಸ ಮಾಡುತ್ತದೆ. ಅದಕ್ಕಿಂತ ಕೆಳಗೆ ಬೇರು ಬಿಟ್ಟ ಕ್ಯಾನ್ಸರ್‌ಗೆ, ಕುತ್ತಿಗೆಯ ಗಂಟಿಗೆ ಇಳಿದ ಕ್ಯಾನ್ಸರ್‌ಗೆ ಬಾಯಿಯಲ್ಲಿ ಹಾಕುವ ಲೈಟು ತಲುಪುವುದಿಲ್ಲ. ಬಾಯಿಯೇ ಬಿಗಿದುಹೋಗಿ ತೆರೆಯದಿದ್ದರೆ ಲೈಟನ್ನು ಒಳಗೆ ಇಡುವುದೂ ಕಷ್ಟ.

"ಏನಾದರೂ ಆದರೆ ಆಮೇಲೆ ಲೈಟ್ ಹಾಕಿಸೋಣ" ಎಂಬ ಮಾತು ತಪ್ಪಾಗುವುದು ಇಲ್ಲಿಯೇ. ಬೆಳಕಿನ ಚಿಕಿತ್ಸೆ ತಡಮಾಡಿದವರಿಗೆ ಇರುವ ದಾರಿ ಅಲ್ಲ, ಬೇಗ ಬಂದವರಿಗೆ ಇರುವ ದಾರಿ.

ಇನ್ನೂ ಒಂದು ಮಾತು. ಬಿಳಿ ಕಲೆಗೆ ಪಿ.ಡಿ.ಟಿ. ನಮ್ಮ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವ ಸಾಮಾನ್ಯ ಚಿಕಿತ್ಸೆ ಆಗಿಲ್ಲ. ಕಲೆಯ ಹಂತ ನೋಡಿ ವೈದ್ಯರು ಶಸ್ತ್ರಚಿಕಿತ್ಸೆಯಿಂದ ಅಥವಾ ಲೇಸರ್‌ನಿಂದ ತೆಗೆಯಬಹುದು, ಇಲ್ಲವೇ ಗಮನಿಸುತ್ತಾ ಇರಬಹುದು. ಯಾವ ರೀತಿಯಲ್ಲಿ ತೆಗೆದರೂ ಕಲೆ ಮತ್ತೆ ಬರುವ ಸಾಧ್ಯತೆ ಇದೆ. ಅದಕ್ಕೇ ವರ್ಷಗಟ್ಟಲೆ ತಪಾಸಣೆಗೆ ಕರೆಯುತ್ತಾರೆ.

ತುಮಕೂರು ರಸ್ತೆಯ ಇನ್ನೊಂದು ಬೆಳಕು

ಚಿಕಿತ್ಸೆಯ ಬೆಳಕಿಗಿಂತ ಮೊದಲು ಕಂಡುಹಿಡಿಯುವ ಬೆಳಕು ಬೇಕು. ಈ ಕೆಲಸ ನಮ್ಮ ಪಕ್ಕದಲ್ಲೇ ನಡೆದಿದೆ ಎಂದು ಓದಿದಾಗ ನನಗೆ ಆಶ್ಚರ್ಯವಾಯಿತು. ತುಮಕೂರು ರಸ್ತೆಯಲ್ಲಿ, ಯಶವಂತಪುರದ ಬಳಿ ಕೆ.ಎಲ್.ಇ. ಸಂಸ್ಥೆಯ ದಂತ ವೈದ್ಯಕೀಯ ಕಾಲೇಜು ಇದೆ. ಅಲ್ಲಿನ ಡಾ. ಪ್ರವೀಣ್ ಬೀರೂರು ಮತ್ತು ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರದ ಡಾ. ಮೋನಿ ಅಬ್ರಹಾಂ ಕುರಿಯಾಕೋಸ್ ಅವರ ತಂಡ ಮೊಬೈಲ್ ಫೋನ್ ಮೂಲಕ ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡುವ ವ್ಯವಸ್ಥೆ ರೂಪಿಸಿತು. ಆರೋಗ್ಯ ಕಾರ್ಯಕರ್ತೆ ಊರಿನಲ್ಲೇ ಬಾಯಿಯ ಫೋಟೋ ತೆಗೆದು ಕಳಿಸುತ್ತಾರೆ, ದೂರದಲ್ಲಿರುವ ತಜ್ಞರು ನೋಡಿ ಯಾರು ಆಸ್ಪತ್ರೆಗೆ ಬರಬೇಕು ಎಂದು ಹೇಳುತ್ತಾರೆ. 2015ರಲ್ಲಿ ಇದರ ವರದಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಬಂತು.

ನಂತರ ಇವೇ ಸಂಸ್ಥೆಗಳು ಅಮೆರಿಕದ ಅರಿಝೋನಾ ವಿಶ್ವವಿದ್ಯಾಲಯದ ಜೊತೆ ಸೇರಿ ಫೋನಿಗೆ ನೇರಳೆ ಎಲ್.ಇ.ಡಿ. ಜೋಡಿಸಿದವು. 2018ರಲ್ಲಿ ಅದರ ವಿವರ ಪ್ರಕಟವಾಯಿತು. ಇದಕ್ಕೆ ಔಷಧ ಕುಡಿಯಬೇಕಿಲ್ಲ. ನೇರಳೆ ಬೆಳಕು ಬಿದ್ದಾಗ ಆರೋಗ್ಯವಂತ ಒಳಪದರ ತಾನಾಗಿಯೇ ಮಂದ ಹಸಿರಾಗಿ ಹೊಳೆಯುತ್ತದೆ. ಕೆಟ್ಟ ಜಾಗ ಕಪ್ಪಾಗಿ ಕಾಣುತ್ತದೆ. ಅಂಥ ಚಿತ್ರಗಳನ್ನು ಕಂಪ್ಯೂಟರ್‌ಗೆ ಕಲಿಸಿ, ಅನುಮಾನ ಇರುವುದನ್ನು ಬೇರ್ಪಡಿಸಲು ತರಬೇತಿ ಕೊಟ್ಟರು. ಕಪ್ಪಾಗಿ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ, ಕೊನೆಯ ತೀರ್ಪು ಬಯಾಪ್ಸಿಯದೇ.

ಇಂಥ ಸಾಧನ ಇಲ್ಲದಿದ್ದರೆ? ಸಾದಾ ಬೆಳಕೂ ಸಾಕು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ದೊಡ್ಡ ಅಧ್ಯಯನ ನಡೆಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು, ಅಷ್ಟೇ. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು ಎಂದು 2005ರಲ್ಲಿ ವರದಿಯಾಯಿತು. ನಾನು ಇಫ್ತಾರ್ ದಿನ ಹಿಡಿದ ಮೊಬೈಲ್ ಟಾರ್ಚ್ ಇದೇ ಕೆಲಸ ಮಾಡಿತ್ತು ಎಂದು ಆಮೇಲೆ ತಿಳಿಯಿತು.

ಲೆಕ್ಕದ ಪುಸ್ತಕ

ಮಾಮುವಿಗೆ ವಿಜ್ಞಾನ ಹೇಳಿದೆ, ತಲೆ ಆಡಿಸಿದರು. ಆಮೇಲೆ ನನ್ನ ವಿಷಯಕ್ಕೆ ಬಂದೆ. ದಿನಕ್ಕೆ ಆರು ಜೋಡಿ ಪೊಟ್ಟಣ, ಜೋಡಿಗೆ 10 ರೂಪಾಯಿ. ದಿನಕ್ಕೆ 60, ವರ್ಷಕ್ಕೆ 21,900. ಇವತ್ತಿನ ದರದಲ್ಲಿ ಹನ್ನೆರಡು ವರ್ಷಕ್ಕೆ 2,62,800 ರೂಪಾಯಿ. ಈ ಕಾಗದವನ್ನು ಅವರು ಬಹಳ ಹೊತ್ತು ನೋಡಿದರು. ಮಾಮಿಯೂ ನೋಡಿದರು. ನಾನು ಕೇಳಿದೆ: "ಮಾಮು, ರೋಜಾದಲ್ಲಿ ಸೆಹ್ರಿಯಿಂದ ಇಫ್ತಾರ್‌ವರೆಗೆ ಹದಿಮೂರು ಗಂಟೆ ನೀವು ಮುಟ್ಟಲ್ಲ. ಆಗ ಆಗೋದು ಈಗ ಯಾಕೆ ಆಗಲ್ಲ?"

ಅವರು ಉತ್ತರ ಕೊಡಲಿಲ್ಲ. ಆದರೆ ಮಂಗಳವಾರ ಅರ್ಧ ದಿನದ ರಜೆ ಹಾಕಿದರು. ಒಂದು ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಇಬ್ಬರೂ ಹೋದೆವು. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಫಾರ್ಮ್ ನಾನು ತುಂಬಿದೆ. "ತಂಬಾಕು ಅಭ್ಯಾಸ, ಎಷ್ಟು ವರ್ಷ" ಎಂಬ ಸಾಲು ಬಂದಾಗ "ಎರಡು ಅಂತ ಬರಿ" ಎಂದರು. ನಾನು ಹನ್ನೆರಡು ಎಂದೇ ಬರೆದೆ.

ವೈದ್ಯೆ ಕೆನ್ನೆ, ನಾಲಿಗೆಯ ಅಡಿ, ದವಡೆಯ ಕೆಳಗಿನ ಗಂಟುಗಳನ್ನು ನೋಡಿದರು. ಕಲೆಗೆ ತಾಗುತ್ತಿದ್ದ ಒಂದು ಚೂಪಾದ ಹಲ್ಲನ್ನು ಉಜ್ಜಿ ನುಣುಪು ಮಾಡಿದರು. ಬಯಾಪ್ಸಿ ತೆಗೆದರು. ರಿಪೋರ್ಟ್‌ನಲ್ಲಿ ಸೌಮ್ಯ ಡಿಸ್‌ಪ್ಲೇಸಿಯಾ ಎಂದು ಬಂತು. ಮಾಮು ಲೈಟಿನ ವಿಷಯ ಕೇಳಿಯೇಬಿಟ್ಟರು. ವೈದ್ಯೆ ನಗಲಿಲ್ಲ. "ಅದು ಸುಳ್ಳಲ್ಲ, ಇದೆ. ಆದರೆ ಪೊಟ್ಟಣ ಬಿಡದೆ ಲೈಟ್ ಹಾಕಿಸುವುದು, ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ. ನಿಮ್ಮದು ಸೌಮ್ಯ ಹಂತ. ಮೊದಲು ಬಿಡಿ, ನಂತರ ನೋಡೋಣ" ಎಂದರು.

ಮಾಮು ಬಿಟ್ಟರು. ಮೊದಲ ವಾರ ಎಲ್ಲರ ಮೇಲೂ ರೇಗಿದರು. ಕ್ವಿಟ್‌ಲೈನ್‌ಗೆ ನಾವೇ ಫೋನ್ ಮಾಡಿಸಿದೆವು, ಅಲ್ಲಿಯವರು ನಡುನಡುವೆ ತಾವಾಗಿಯೇ ಫೋನ್ ಮಾಡಿ ವಿಚಾರಿಸಿದರು. ನಲವತ್ತು ದಿನ ಚೆನ್ನಾಗಿತ್ತು. ಆಮೇಲೆ ಒಂದು ನಿಕಾಹ್‌ನ ದಾವತ್‌ನಲ್ಲಿ ಬಿರಿಯಾನಿ ನಂತರ ಪಾನ್ ತಟ್ಟೆ ಬಂತು. ತೆಗೆದುಕೊಂಡರು. ನಾನು ನೋಡಿದೆ, ಅವರೂ ನಾನು ನೋಡಿದ್ದನ್ನು ನೋಡಿದರು. ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಅದು ತಪ್ಪು ಎಂದು ಈಗ ಅನಿಸುತ್ತದೆ. ಬಿಡುವವರು ಒಮ್ಮೆ ಜಾರುವುದು ಸಾಮಾನ್ಯ, ಆಗ ಬೈದರೆ ಅವರು ಮತ್ತೆ ಮುಚ್ಚಿಡಲು ಕಲಿಯುತ್ತಾರೆ. ಮೂರನೇ ದಿನ ಅವರೇ ಬಂದು "ಮತ್ತೆ ಒಂದರಿಂದ ಎಣಿಸು" ಎಂದರು.

ಈಗ ಕಲೆ ಚಿಕ್ಕದಾಗಿದೆ, ಪೂರ್ತಿ ಹೋಗಿಲ್ಲ. ಮೂರು ತಿಂಗಳಿಗೊಮ್ಮೆ ಹೋಗಬೇಕು. ಮುಂದಿನ ತಾರೀಕು ನನ್ನ ಅಕೌಂಟೆನ್ಸಿ ಪರೀಕ್ಷೆಯ ಮಾರನೇ ದಿನ ಬಿದ್ದಿದೆ. ಫಾರ್ಮ್ ತುಂಬಲು ನಾನೇ ಹೋಗುತ್ತೇನೆ.

ನೆನಪಿನಲ್ಲಿಡೋಣ

1. ಎರಡು ವಾರ ಕಳೆದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಮಾಗದ ಹುಣ್ಣು, ಖಾರ ತಾಗಿದರೆ ಉರಿ, ಬಾಯಿ ತೆರೆಯಲು ಬಿಗಿತ, ಇವುಗಳಲ್ಲಿ ಯಾವುದಿದ್ದರೂ ದಂತವೈದ್ಯರಿಗೆ ತೋರಿಸಬೇಕು. ನೋವಿಲ್ಲ ಎಂಬುದು ಧೈರ್ಯಕ್ಕೆ ಕಾರಣವಲ್ಲ. ಆರಂಭದ ಕಲೆಗೆ ಹೆಚ್ಚಾಗಿ ನೋವೇ ಇರುವುದಿಲ್ಲ.

2. ತಿಂಗಳಿಗೊಮ್ಮೆ ಮನೆಯ ಹಿರಿಯರ ಬಾಯಿಯನ್ನು ಟಾರ್ಚ್ ಹಾಕಿ ನೋಡಿ: ಎರಡೂ ಕೆನ್ನೆ, ತುಟಿಯ ಒಳಭಾಗ, ನಾಲಿಗೆಯ ಅಂಚು ಮತ್ತು ಅಡಿ. ಮೂರು ಬೆರಳು ಒಂದರ ಮೇಲೊಂದು ಬಾಯಿಗೆ ಹಿಡಿಯುತ್ತದೆಯೇ ಎಂದೂ ನೋಡಿ.

3. ತೋರಿಸಲು ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಕ್ಯಾನ್ಸರ್‌ಗೆ ಕಿದ್ವಾಯಿ ಆಸ್ಪತ್ರೆ ಇದೆ. 1973ರಲ್ಲಿ ಸ್ಥಾಪನೆಯಾದ ಅದಕ್ಕೆ ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿಟ್ಟಿದ್ದಾರೆ.

4. ಬಿಡಲು ಸಹಾಯ ಬೇಕಾದವರು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356ಕ್ಕೆ ಕರೆ ಮಾಡಬಹುದು. ಕರೆ ಉಚಿತ. ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ.

5. ಕರ್ನಾಟಕದಲ್ಲಿ ಗುಟ್ಕಾ 2013ರ ಮೇ 31ರಿಂದ ನಿಷೇಧ. ಶಾಲಾ ಕಾಲೇಜಿನ ನೂರು ಗಜದೊಳಗೆ ತಂಬಾಕು ಮಾರಬಾರದು ಎಂಬ ಕಾನೂನು 2003ರಿಂದಲೂ ಇದೆ. ಒಂದರ ಬದಲು ಎರಡು ಪೊಟ್ಟಣ ಮಾಡಿ ಮಾರಿದರೆ ಬಾಯಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಮ್ಮಲ್ಲೂ ಕೆಲವರ ಜೇಬಿನಲ್ಲಿ ಪೊಟ್ಟಣ ಇರುವುದು ಎಲ್ಲರಿಗೂ ಗೊತ್ತು. ಅವರ ಹೆಸರು ಹೇಳುವುದು ನನ್ನ ಕೆಲಸವಲ್ಲ. ಮಾಮು ಶುರು ಮಾಡಿದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ನೀವು ಹದಿನೇಳಕ್ಕೇ ಶುರು ಮಾಡಿದ್ದರೆ ನಿಮ್ಮ ಲೆಕ್ಕದ ಪುಸ್ತಕ ಅವರಿಗಿಂತ ಒಂಬತ್ತು ವರ್ಷ ಮೊದಲೇ ತೆರೆದಿದೆ. ಇವತ್ತು ಮನೆಗೆ ಹೋಗಿ ಕನ್ನಡಿಯ ಮುಂದೆ ಟಾರ್ಚ್ ಹಿಡಿದು ಬಾಯಿ ತೆರೆದು ನೋಡಿ. ಆ ಬೆಳಕಿಗೆ ಖರ್ಚಿಲ್ಲ.

ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗ
ರಾಜಗೋಪಾಲನಗರ